ಗುರ್ ಬಿಡಿಸುವವನು

ಅವನ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಪಶು ಆಸ್ಪತ್ರೆಯಲ್ಲಿ ಅವನದು ಇಪ್ಪತ್ತಾರು ವರ್ಷದ ನೌಕರಿ. ಅಷ್ಟರಲ್ಲಿ ಮೂವರು ಡಾಕ್ಟರು ಬದಲಾದರು, ಮೂವರೂ ಅವನಿಗೆ ದಿನವಿಡೀ ಹೇಳಿದ್ದು ಒಂದೇ ಮಾತು: "ಹಿಡಿಯಪ್ಪ." ಸೂಜಿ ಕೈಗೆ ಬಂದ ಕೂಡಲೇ "ಹಿಡಿಯಪ್ಪ", ಗಾಯ ತೊಳೆಯಬೇಕಾದರೆ "ಹಿಡಿಯಪ್ಪ", ಉಗುರು ಕತ್ತರಿಸಬೇಕಾದರೆ "ಗಟ್ಟಿಯಾಗಿ ಹಿಡಿಯಪ್ಪ". ಕೇಳಿ ಕೇಳಿ ನಾಯಿ ತಂದವರು ಅದೇ ಅವನ ಹೆಸರು ಅಂದುಕೊಂಡರು. "ಹಿಡಿಯಪ್ಪನವರು ಇದ್ದಾರಾ?" ಅಂತ ಮರ್ಯಾದೆಯಿಂದ ಫೋನು ಮಾಡತೊಡಗಿದರು. ಅವನೂ ಬೇಡ ಅನ್ನಲಿಲ್ಲ. ಹೆತ್ತವರು ಇಟ್ಟ ಹೆಸರು ಪುಕ್ಕಟೆ ಬಂದದ್ದು, ಇದನ್ನು ತಾನು ದುಡಿದು ಸಂಪಾದಿಸಿದ್ದು ಅನ್ನುತ್ತಿದ್ದ.

ಹಿಡಿಯುವುದು ಅಂದರೆ ಸುಮ್ಮನೆ ಹಿಡಿಯುವುದಲ್ಲ. ಉಕ್ಕಿನ ಮೇಜಿನ ಮೇಲೆ ನಾಯಿಯ ಉಗುರು ಜಾರುತ್ತದೆ. ಜಾರಿದರೆ ಹೆದರುತ್ತದೆ, ಹೆದರಿದರೆ ಹಲ್ಲು ಹಾಕುತ್ತದೆ. ಅದಕ್ಕೇ ಅವನು ಮೊದಲು ಹಳೆಯ ರಬ್ಬರ್ ಚಾಪೆ ಹಾಸುತ್ತಿದ್ದ. ಆಮೇಲೆ ಎಡಗೈ ಕತ್ತಿನ ಕೆಳಗಿಂದ, ಬಲಗೈ ಸೊಂಟದ ಮೇಲಿಂದ ತಂದು ನಾಯಿಯ ತಲೆಯನ್ನು ತನ್ನ ಎದೆಗೆ ಒತ್ತಿಕೊಳ್ಳುತ್ತಿದ್ದ. ಬ್ಯಾಂಡೇಜ್ ಬಟ್ಟೆಯಿಂದ ಮೂತಿ ಕಟ್ಟುವುದು ಅವನಿಗೆ ಷೂ ಲೇಸು ಕಟ್ಟಿದಷ್ಟು ಸಲೀಸು. ಸಾಕಿದವರು ಪಕ್ಕದಲ್ಲಿ ನಿಂತು "ನಮ್ಮದು ತುಂಬಾ ಒಳ್ಳೇದು" ಅಂದರೆ ಸಾಕು, ಅವನು ಇನ್ನೊಂದು ಸುತ್ತು ಜಾಸ್ತಿ ಸುತ್ತುತ್ತಿದ್ದ.

ಜಾತಿ ಗುಣದ ವಿಚಾರ ಬಂದರಂತೂ ಅವನ ಬಾಯಿಗೆ ಬೀಗವಿಲ್ಲ. ನಾಯಿ ಸಾಕಬೇಕು ಅನ್ನುವವರು ಡಾಕ್ಟರ ಕೋಣೆಗೆ ಹೋಗುವ ಮುಂಚೆ ಇವನ ಬೆಂಚಿನ ಹತ್ತಿರ ಬರುತ್ತಿದ್ದರು.

"ಲ್ಯಾಬ್ರಡಾರ್‌ಗೆ ಹೊಟ್ಟೇನೇ ದೇವರು ಸ್ವಾಮಿ. ಕಳ್ಳ ಒಂದು ಬಿಸ್ಕತ್ತು ಕೊಟ್ಟರೆ ಬೀರು ಕೀಲಿ ಎಲ್ಲಿದೆ ಅಂತ ತಾನೇ ತೋರಿಸುತ್ತೆ. ಪೊಮೇರಿಯನ್ ಇದೆಯಲ್ಲ, ಮೈ ಗೇಣುದ್ದ, ಸಿಟ್ಟು ಮಾರುದ್ದ. ಆಲ್ಸೇಶನ್‌ಗೆ ಮನೇಲಿ ಒಬ್ಬರೇ ಯಜಮಾನರು, ಮಿಕ್ಕವರೆಲ್ಲ ಬಾಡಿಗೆಗೆ ಇರೋರು. ಡಾಬರ್ಮನ್ ನೋಡೋಕೆ ಪೊಲೀಸು, ಒಳಗೆ ಪುಕ್ಕಲ. ಪಗ್‌ಗೆ ಉಸಿರಾಡೋದೇ ಒಂದು ಕೆಲಸ, ಕಚ್ಚೋಕೆ ಪುರುಸೊತ್ತೆಲ್ಲಿ? ನನ್ನ ಕೇಳಿದರೆ ಬೀದಿ ನಾಯಿ ಸಾಕಿ. ಹತ್ತು ಜನರ ಹತ್ತಿರ ಕಲ್ಲು ತಿಂದು ಬುದ್ಧಿ ಕಲಿತಿರುತ್ತೆ."

ಕೇಳಿದವರು ನಕ್ಕು ಹೋಗುತ್ತಿದ್ದರು, ಹೋಗಿ ಲ್ಯಾಬ್ರಡಾರೇ ತರುತ್ತಿದ್ದರು.

ಆದರೆ ಅವನ ಹೆಸರು ನಾಲ್ಕು ಬೀದಿ ದಾಟಿ ಹಬ್ಬಿದ್ದು ಬೇರೊಂದು ವಿದ್ಯೆಯಿಂದ. ಹಿಡಿಯಪ್ಪ ಗುರ್ ಬಿಡಿಸುತ್ತಾನೆ ಅಂತ. ಬೊಗಳೋ ನಾಯಿ ಕಚ್ಚಲ್ಲ ಅನ್ನುವ ಗಾದೆ ಎಲ್ಲರಿಗೂ ಗೊತ್ತಲ್ಲ, ಅದಕ್ಕೆ ಇವನು ತನ್ನದೊಂದು ಬಾಲ ಸೇರಿಸಿದ್ದ: "ಬೊಗಳೋದು ಕಚ್ಚಲ್ಲ, ಗುರ್ ಅನ್ನೋದು ಕಚ್ಚುತ್ತೆ. ಗುರ್ ಅನ್ನೋದು ಬಿಡಿಸಿದರೆ ಕಚ್ಚೋದೂ ತಾನಾಗಿ ಬಿಟ್ಟುಹೋಗುತ್ತೆ." ಕೇಳುವುದಕ್ಕೆ ಎಷ್ಟು ಸರಿ ಅನ್ನಿಸುತ್ತದೆ ನೋಡಿ! ಹಾಳಾದ ಸುಳ್ಳು ಯಾವಾಗಲೂ ಹೀಗೇ, ನಿಜಕ್ಕಿಂತ ನೀಟಾಗಿ ಬಟ್ಟೆ ಹಾಕಿಕೊಂಡು ಬರುತ್ತದೆ.

ವಿದ್ಯೆ ಅಂದರೆ ಇಷ್ಟೇ. ಹಸಿದ ನಾಯಿಯ ಮುಂದೆ ತಟ್ಟೆ ಇಡುವುದು. ಅದು ಬಾಯಿ ಹಾಕಿದ ಮೇಲೆ ತಟ್ಟೆಗೆ ಕೈ ಹಾಕುವುದು. ಗಂಟಲಲ್ಲಿ ಗುರ್ ಎಂದು ಸದ್ದು ಬಂದ ಕ್ಷಣವೇ ಮೂತಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ನೆಲಕ್ಕೆ ಒತ್ತಿ, "ಸುಮ್ಮನಿರು" ಅನ್ನುವುದು. ನಾಯಿ ಕಣ್ಣು ಬೇರೆ ಕಡೆ ತಿರುಗಿಸುವವರೆಗೂ ಬಿಡುವುದಿಲ್ಲ. ಮರುದಿನ ಮತ್ತೆ ಅದೇ ಕೆಲಸ. ಎಂಥ ಮೊಂಡು ನಾಯಿಯಾದರೂ ಹದಿನೈದು ದಿನಕ್ಕೆ ಮೌನ. ಹತ್ತೊಂಬತ್ತು ಮನೆಯ ನಾಯಿಗಳಿಗೆ ಅವನು ಗುರ್ ಬಿಡಿಸಿದ್ದ. ಎಲ್ಲರೂ ಅವನಿಗೆ ಟೀ ಕೊಟ್ಟು, ಕೈ ಮುಗಿದು ಕಳಿಸಿದ್ದರು.

ಎರಡು ವರ್ಷದ ಹಿಂದೆ ಬಂದ ಹೊಸ ಡಾಕ್ಟರಮ್ಮ ಮಾತ್ರ ಒಮ್ಮೆ ಅದನ್ನು ನೋಡಿ ಮುಖ ಸಿಂಡರಿಸಿದ್ದಳು. "ಹಾಗೆ ಮಾಡಬೇಡಿ ಹಿಡಿಯಪ್ಪ. ಗುರ್ ಅನ್ನೋದು ಅದರ ಮಾತು. ಮಾತು ಕಿತ್ತುಕೊಂಡರೆ ಸಿಟ್ಟು ಹೋಗಲ್ಲ, ಒಳಗೇ ಇರುತ್ತೆ."

"ಆಯ್ತಮ್ಮ" ಅಂದಿದ್ದ. ಹೊರಗೆ ಬಂದು ಔಷಧಿ ಕೊಡುವವನ ಹತ್ತಿರ, "ಆಯಮ್ಮನಿಗೆ ಪುಸ್ತಕ ಗೊತ್ತು, ನನಗೆ ನಾಯಿ ಗೊತ್ತು" ಅಂದು ನಕ್ಕಿದ್ದ.

ಹೆಂಡತಿ ತೀರಿಕೊಂಡ ಮೇಲೆ ಅವನು ಮಗಳ ಮನೆಯ ಮಹಡಿಯ ಕೋಣೆಯಲ್ಲಿದ್ದ. ಮಗಳು ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳು. ಅಳಿಯ ದೂರದೂರಿನ ಬಸ್ಸು ಓಡಿಸುತ್ತಿದ್ದ, ವಾರಕ್ಕೆ ಎರಡು ದಿನ ಮನೆಯಲ್ಲಿ. ಏಳು ವರ್ಷದ ಮೊಮ್ಮಗಳು, ಅವಳನ್ನು ಎಲ್ಲರೂ ಪುಟ್ಟಿ ಅನ್ನುತ್ತಿದ್ದರು, ನಾಯಿ ಬೇಕು ಅಂತ ಒಂದು ವರ್ಷ ಹಟ ಹಿಡಿದಾಗ ತಾತನೇ ಆರಿಸಿ ತಂದದ್ದು ಕಾಕರ್ ಸ್ಪೇನಿಯಲ್ ಮರಿ. ಕಂದು ಬಣ್ಣ, ನೆಲ ಗುಡಿಸುವಂಥ ಉದ್ದ ಕಿವಿ. "ಮಕ್ಕಳಿರೋ ಮನೆಗೆ ಹೇಳಿ ಮಾಡಿಸಿದ ಜಾತಿ" ಅಂತ ಹೇಳಿದ್ದೂ ಅವನೇ. ಪುಟ್ಟಿ ಅದಕ್ಕೆ ಕಂಬಳಿ ಅಂತ ಹೆಸರಿಟ್ಟಳು. ಮೂರು ವರ್ಷ ಕಂಬಳಿ ಅವಳ ಜೊತೆ ಮಲಗಿತು, ಅವಳ ಸಾಕ್ಸು ಕದ್ದಿತು, ಅವಳು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲ ಚಿಲಕ ನೋಡುತ್ತಾ ಕೂತಿತು.

ಆಮೇಲೆ ಒಂದು ದಿನ ಗುರ್ ಅಂದಿತು. ಪುಟ್ಟಿ ತಬ್ಬಿಕೊಂಡು ಮುದ್ದು ಮಾಡುತ್ತಿದ್ದಳು. ಎರಡು ದಿನ ಬಿಟ್ಟು ತಲೆ ಬಾಚುವಾಗ ಮತ್ತೆ. ಮೂರನೇ ಸಲ ತಟ್ಟೆಯ ಹತ್ತಿರ. ಮಗಳಿಗೆ ಗಾಬರಿಯಾಯಿತು.

"ಅಪ್ಪ, ಊರವರ ನಾಯಿಗೆಲ್ಲ ಬಿಡಿಸ್ತೀಯ, ನಮ್ಮದಕ್ಕೆ ಬಿಡಿಸಬಾರದಾ?"

ಬಿಡಿಸಿದ. ಕಂಬಳಿಗೆ ಹದಿನೈದು ದಿನವೂ ಬೇಕಾಗಲಿಲ್ಲ, ಆರನೇ ದಿನಕ್ಕೇ ಸುಮ್ಮನಾಯಿತು. ಪಾಪದ್ದು. ಪುಟ್ಟಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ತಾತ ಅವಳಿಗೂ ಪಾಠ ಹೇಳಿಕೊಟ್ಟ: "ಇನ್ನು ಹೆದರಬೇಡ ಪುಟ್ಟಿ. ಯಾವತ್ತಾದರೂ ಗುರ್ ಅಂದರೆ ಮಾತ್ರ ಕೈ ತೆಗೆದುಬಿಡು. ಅನ್ನದೇ ಇದ್ದರೆ ಸಿಟ್ಟಿಲ್ಲ ಅಂತ."

ಅದಾಗಿ ಒಂದು ತಿಂಗಳಿಗೆ, ಭಾನುವಾರ ಮಧ್ಯಾಹ್ನ, ಪುಟ್ಟಿ ನೆಲದ ಮೇಲೆ ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿದ್ದಳು. ಕಂಬಳಿ ಪಕ್ಕದಲ್ಲಿ ಮಲಗಿತ್ತು. ಅದಕ್ಕೊಂದು ಗುಟ್ಟು ಹೇಳಬೇಕು ಅನ್ನಿಸಿ ಅವಳು ಬಗ್ಗಿ, ಉದ್ದನೆಯ ಕಿವಿ ಎತ್ತಿ, ಬಾಯಿ ಹತ್ತಿರ ಇಟ್ಟಳು. ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳಿದ್ದು ನಾಯಿಯ ಸದ್ದಲ್ಲ, ಮಗುವಿನ ಚೀರಾಟ. ಓಡಿ ಬಂದು ನೋಡಿದರೆ ಪುಟ್ಟಿಯ ಮೇಲ್ತುಟಿಯಿಂದ ಕೆನ್ನೆಯವರೆಗೆ ಸೀಳಿಹೋಗಿತ್ತು, ಕಣ್ಣಿಗೂ ಗಾಯಕ್ಕೂ ಒಂದು ಬೆರಳು ಅಂತರ. ಕಂಬಳಿ ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು.

ಹದಿನಾಲ್ಕು ಹೊಲಿಗೆ. ದೊಡ್ಡಾಸ್ಪತ್ರೆಯ ವರಾಂಡದಲ್ಲಿ ರಕ್ತ ಒಣಗಿದ ಸೀರೆಯಲ್ಲೇ ಕೂತಿದ್ದ ಮಗಳು ಅಪ್ಪನ ಮುಖ ನೋಡಿದಳು. "ಒಂದು ಸದ್ದೂ ಮಾಡಲಿಲ್ಲ ಅಪ್ಪ. ಗುರ್ ಅನ್ನಲಿಲ್ಲ, ಏನಿಲ್ಲ. ಆ ಜಾತೀನೇ ಹಾಗಾ?"

ಇಪ್ಪತ್ತಾರು ವರ್ಷದ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಹಿಡಿಯಪ್ಪ ಹೇಳಿದ: "ಕೆಲವಕ್ಕೆ ಹಾಗೇ ತಲೆ ತಿರುಗುತ್ತೆ ಕಣಮ್ಮ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ."

ಥೂ! ಬೇರೆ ಯಾರಾದರೂ ಅಂದಿದ್ದರೆ ತಿಳಿಯದೇ ಅಂದರು ಅನ್ನಬಹುದಿತ್ತು. ಇವನಿಗೆ ಡಾಕ್ಟರಮ್ಮನ ಮಾತು ಆಗಲೇ ನೆನಪಾಗಿತ್ತು. ಆದರೂ ಮಗಳ ಎದುರು ಒಳ್ಳೆಯ ಅಪ್ಪನಾಗಿ ಉಳಿಯುವುದಕ್ಕೆ ತಪ್ಪನ್ನು ನಾಯಿಯ ಜಾತಿಯ ತಲೆಗೆ ಕಟ್ಟಿದ.

ಕಚ್ಚಿದ ನಾಯಿಯನ್ನು ಹತ್ತು ದಿನ ಕೂಡಿಹಾಕಿ ನೋಡಬೇಕು ಅನ್ನುವುದು ನಿಯಮ. ಹುಚ್ಚಿನ ಲಕ್ಷಣ ಕಾಣದಿದ್ದರೆ ಆಮೇಲಿನದು ಸಾಕಿದವರ ಇಷ್ಟ. ಮಗಳ ಇಷ್ಟ ಏನೆಂದು ಕೇಳುವ ಅಗತ್ಯವಿರಲಿಲ್ಲ. ಹತ್ತನೇ ದಿನ ಸೂಜಿ ಹಾಕಿ ಮುಗಿಸಿಬಿಡಿ ಅಂತ ಅವಳು ಆಗಲೇ ಸಹಿ ಮಾಡಿದ್ದಳು. ಕಂಬಳಿ ಪಶು ಆಸ್ಪತ್ರೆಯ ಹಿಂದಿನ ಸಾಲಿನ ಮೂರನೇ ಗೂಡಿಗೆ ಬಂತು. ಅನ್ನ ನೀರು ಇಡುವವನು ಹಿಡಿಯಪ್ಪನೇ.

ಮೊದಲ ದಿನವೇ ಡಾಕ್ಟರಮ್ಮ ಗೂಡಿನ ಮುಂದೆ ಕೂತು ಮೂಗು ಅರಳಿಸಿದಳು. "ಏನಿದು ಹಳಸಿದ ವಾಸನೆ?" ಮೂತಿ ಕಟ್ಟಿಸಿ, ಕಿವಿ ಎತ್ತಿ, ದೀಪ ಬಿಟ್ಟು ನೋಡಿದಳು. ಒಳಗೆ ಕಪ್ಪು ಕೀವು. ಕಿವಿಯ ಕೊಳವೆ ಊದಿ ಮುಚ್ಚಿಹೋಗಿತ್ತು. "ಒಂದೆರಡು ತಿಂಗಳಿನದು ಇದು. ಮುಟ್ಟಿದರೆ ಜೀವ ಹೋಗೋಷ್ಟು ನೋವು. ಉದ್ದ ಕಿವಿ ನಾಯಿಗೆ ಇದು ಬರುತ್ತೆ ಅಂತ ನಿಮಗೆ ಗೊತ್ತಲ್ಲ ಹಿಡಿಯಪ್ಪ, ದಿನಾ ನೋಡ್ತೀರ. ಮುಂಚೆ ಗುರ್ ಅಂತಿರಲಿಲ್ವಾ?"

"ಅಂತಿತ್ತು."

"ಮತ್ತೆ?"

"ಬಿಡಿಸಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟಾದರೂ ಆಸರೆಯಾಗುತ್ತಿತ್ತು. ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು.

ಆಮೇಲೆ ಹೇಳಿದಳು: "ಕಿವಿ ವಾಸಿ ಮಾಡಬಹುದು. ಮಕ್ಕಳಿಲ್ಲದ ಮನೆ ಸಿಕ್ಕರೆ ಕೊಡಲೂಬಹುದು, ನಿಮ್ಮ ಮಗಳಿಗೆ ನಾನೇ ಹೇಳ್ತೀನಿ. ಆದರೆ ಒಂದು. ಕಚ್ಚೋ ಮುಂಚೆ ಹೇಳೋ ನಾಯಿನ ಕೊಡಬಹುದು. ಹೇಳದೇ ಕಚ್ಚೋದನ್ನ ಯಾರ ಮನೆಗೂ ನಾನು ಕಳಿಸಲಾರೆ. ಹತ್ತನೇ ದಿನ ಪರೀಕ್ಷೆ ಮಾಡ್ತೀನಿ. ಗುರ್ ಅಂದರೆ ಬದುಕುತ್ತೆ."

ಹಿಡಿಯಪ್ಪ ಅವತ್ತೇ ಮರದ ಮಿಲ್ಲಿನ ಕಾವಲುಗಾರನ ಹತ್ತಿರ ಹೋದ. ಒಂಟಿ ಮುದುಕ, ಹಳೆಯ ಗೆಳೆಯ. ವಿಷಯ ಕೇಳಿ ಮುದುಕ ಗಡ್ಡ ಕೆರೆದುಕೊಂಡ. "ಕೊಡು ಮಾರಾಯ, ನನಗೂ ಜೊತೆಯಾಗುತ್ತೆ. ಗುರ್ ಅಂದರೆ ದೂರ ಸರೀತೀನಿ, ನನಗೇನು ಮಾನ ಹೋಗುತ್ತಾ? ನನ್ನ ಹೆಂಡತಿ ಇದ್ದಷ್ಟು ದಿನ, ನಲವತ್ತು ವರ್ಷ ಗುರ್ ಅಂದಿದ್ದಾಳೆ." ಹಿಡಿಯಪ್ಪನಿಗೆ ನಗು ಬಂತು.

ಅಲ್ಲಿಂದ ಶುರುವಾಯಿತು ಅವನ ಹೊಸ ಪಾಠ. ಬೆಳಿಗ್ಗೆ ಕಿವಿ ತೊಳೆದು ಔಷಧಿ ಬಿಡುವುದು. ಮಧ್ಯಾಹ್ನ ತಟ್ಟೆ ಇಟ್ಟು, ಅದರ ಹತ್ತಿರ ಕೈ ತಂದು, ಕಾಯುವುದು. "ಅನ್ನು ಕಂಬಳಿ. ಒಂದು ಸಲ ಗುರ್ ಅನ್ನು. ನಾನೇನೂ ಮಾಡಲ್ಲ." ಕಂಬಳಿ ತಿನ್ನುವುದನ್ನು ನಿಲ್ಲಿಸುತ್ತಿತ್ತು. ಮೈ ಮರದ ಹಾಗೆ ಬಿಗಿಯಾಗುತ್ತಿತ್ತು. ನಾಲಗೆ ಒಮ್ಮೆ ಮೂಗು ನೆಕ್ಕುತ್ತಿತ್ತು, ಕಣ್ಣು ಗೋಡೆಯ ಕಡೆ ತಿರುಗುತ್ತಿತ್ತು. ಸದ್ದು ಮಾತ್ರ ಇಲ್ಲ. ಅವನು ಕೈ ಹಿಂದೆ ತೆಗೆದು, ಅಂಗೈಯಲ್ಲಿ ಮಾಂಸದ ಚೂರು ಕೊಟ್ಟು ರಮಿಸಿದ. ನಾಲ್ಕನೇ ದಿನ ಗೂಡಿನ ಮುಂದೆ ನೆಲದ ಮೇಲೆ ಕೂತು ತಾನೇ ಗುರ್ ಅಂದು ತೋರಿಸಿದ. ಅರವತ್ತಕ್ಕೆ ಹತ್ತಿರದ ಗಂಡಸು ನಾಯಿಯ ಎದುರು ಗುರುಗುಟ್ಟುವುದನ್ನು ಔಷಧಿ ಕೊಡುವವನು ಕಿಟಕಿಯಿಂದ ನೋಡಿದ. ಯಾವತ್ತೂ ತಮಾಷೆ ಬಿಡದವನು ಅವತ್ತು ಪರದೆ ಎಳೆದುಕೊಂಡ.

ಕಂಬಳಿ ಅವನ ಗುರ್ ಕೇಳಿ ಹೊಟ್ಟೆ ನೆಲಕ್ಕೆ ಹಚ್ಚಿ ಉಚ್ಚೆ ಹೊಯ್ದುಕೊಂಡಿತು.

ಆರನೇ ದಿನ ಪುಟ್ಟಿ ಮನೆಗೆ ಬಂದಳು. ಅರ್ಧ ಮುಖಕ್ಕೆ ಬಟ್ಟೆ ಸುತ್ತಿದ್ದರು, ಮಾತು ತುಟಿಯ ಒಂದು ಕಡೆಯಿಂದ ಬರುತ್ತಿತ್ತು. ತಾತ ಮಂಚದ ಪಕ್ಕದಲ್ಲಿ ಕೂತಾಗ ಅವಳು ಕೇಳಿದ್ದು ನೋವಿನ ಮಾತಲ್ಲ.

"ತಾತ, ನಾನು ಕೇಳಿಸಿಕೊಂಡೆ. ನಿಜವಾಗಲೂ. ಗುರ್ ಅಂದರೆ ಕೈ ತೆಗೀಬೇಕು ಅಂತ ನೀನು ಹೇಳಿದ್ದೆ ಅಲ್ವಾ? ಅದು ಅನ್ನಲೇ ಇಲ್ಲ. ನನಗೆ ಕೇಳಿಸಲಿಲ್ವಾ ತಾತ? ನನ್ನದು ತಪ್ಪಾ?"

ಅವನು ಎದ್ದು ಅಡುಗೆಮನೆಗೆ ಹೋದ. ಮಗಳು ಗಂಜಿ ಆರಿಸುತ್ತಿದ್ದಳು. ನಿಂತ ನಿಲುವಿನಲ್ಲೇ ಎಲ್ಲ ಹೇಳಿದ. ಕಿವಿಯ ಕೀವು, ಡಾಕ್ಟರಮ್ಮ ಮುಂಚೆಯೇ ಹೇಳಿದ್ದ ಮಾತು, ದೊಡ್ಡಾಸ್ಪತ್ರೆಯ ವರಾಂಡದಲ್ಲಿ ತಾನು ಜಾತಿಯ ಮೇಲೆ ಹಾಕಿದ ಸುಳ್ಳು. "ಅದು ಮೂರು ಸಲ ಹೇಳಿತ್ತು ಕಣಮ್ಮ. ನೋವಾಗುತ್ತೆ ಅಂತ. ನಾನು ಅದರ ಬಾಯಿ ಮುಚ್ಚಿಸಿದೆ."

ಮಗಳು ಬಹಳ ಹೊತ್ತು ಲೋಟದಿಂದ ಲೋಟಕ್ಕೆ ಗಂಜಿ ಸುರಿದಳು. ಅದು ಯಾವಾಗಲೋ ಆರಿತ್ತು.

"ಬಿಡಿಸು ಅಂದವಳು ನಾನೇ" ಅಂದಳು ಕೊನೆಗೆ. "ಆದರೆ ನನಗೆ ಗೊತ್ತಿರಲಿಲ್ಲ ಅಪ್ಪ. ನಿನಗೆ ಗೊತ್ತಿರಬೇಕಿತ್ತು. ಗೊತ್ತಿದೆ ಅಂತಲ್ವಾ ನಿನ್ನ ಕೇಳಿದ್ದು?" ಆಮೇಲೆ ಅವನ ಕಡೆ ತಿರುಗದೇ, "ಡಾಕ್ಟರಮ್ಮ ಹೇಳಿದ ಹಾಗೆ ಆಗಲಿ. ಯಾರಿಗಾದರೂ ಕೊಡೋ ಹಾಗಿದ್ದರೆ ಕೊಡಲಿ. ನೀನು ಸ್ವಲ್ಪ ದಿನ ಕೆಳಗೆ ಬರಬೇಡ. ಊಟ ಮೇಲಕ್ಕೇ ಕಳಿಸ್ತೀನಿ."

ಅವನು ಪುಟ್ಟಿಯ ಹತ್ತಿರ ಹೋಗಿ, "ನಿನ್ನದಲ್ಲ ಪುಟ್ಟಿ, ನನ್ನದು ತಪ್ಪು" ಅಂದು ಮಹಡಿ ಹತ್ತಿದ. ತಾತನದು ಹೇಗೆ ತಪ್ಪು ಅಂತ ಅವಳಿಗೆ ಅರ್ಥವಾಗಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಕಾವಲುಗಾರ ಹೊಸ ಹಗ್ಗ, ಒಂದು ಹಳೆಯ ಕೋಟು ಹಿಡಿದುಕೊಂಡು ಬಂದ. ನಾಯಿ ಮಲಗುವುದಕ್ಕಂತೆ. ಡಾಕ್ಟರಮ್ಮ ಉದ್ದದ ಕೋಲಿಗೆ ಬಟ್ಟೆ ತುರುಕಿದ ಕೈಗವಸು ಕಟ್ಟಿದ್ದಳು, ನೋಡುವುದಕ್ಕೆ ಮನುಷ್ಯರ ಕೈಯ ಹಾಗೆ. "ನೀವು ಹೊರಗಿರಿ ಹಿಡಿಯಪ್ಪ. ನಿಮ್ಮನ್ನ ನೋಡಿದರೆ ಅದು ಬಾಯಿ ಬಿಡಲ್ಲ."

ಅವನು ಬಾಗಿಲ ಹೊರಗೆ, ಮರಕ್ಕೆ ಕಿವಿ ಹಚ್ಚಿ ನಿಂತ. ತಟ್ಟೆ ನೆಲಕ್ಕೆ ತಾಗಿದ ಸದ್ದು ಬಂತು. ಚಪ್ಪರಿಸಿ ತಿನ್ನುವ ಸದ್ದು. ಅದು ನಿಂತಿತು. ಈಗ ಕೈಗವಸು ಹತ್ತಿರ ಹೋಗಿದೆ. ಈಗ ಮೈ ಬಿಗಿ ಮಾಡಿದೆ. ಇಪ್ಪತ್ತಾರು ವರ್ಷದಲ್ಲಿ ಸಾವಿರ ನಾಯಿಗಳ ಗಂಟಲಲ್ಲಿ ಬೇಡ ಬೇಡ ಅಂದುಕೊಂಡಿದ್ದ ಆ ಸದ್ದಿಗಾಗಿ ಅವನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತ. ಅನ್ನೋ ನನ್ನಪ್ಪ, ಒಂದೇ ಒಂದು ಸಲ ಅನ್ನೋ.

ಕೋಲು ಮುರಿದ ಸದ್ದು ಬಂತು. ಅದಕ್ಕೆ ಮುಂಚೆ ಏನೂ ಬರಲಿಲ್ಲ.

ಕಾವಲುಗಾರ ಹೊರಗೆ ಬಂದ. ಕೋಟನ್ನು ಎದೆಗೆ ಅಪ್ಪಿಕೊಂಡಿದ್ದ. "ಹೇಳಿದ್ದರೆ ಸರೀತಿದ್ದೆ ಮಾರಾಯ" ಅಂದ. "ಹೇಳದಿದ್ದರೆ ಈ ಮುದುಕ ಏನು ಮಾಡಲಿ?" ಹಗ್ಗವನ್ನು ಬೆಂಚಿನ ಮೇಲೆ ಬಿಟ್ಟು ಹೊರಟುಹೋದ.

ಡಾಕ್ಟರಮ್ಮ, "ಇದಕ್ಕೆ ಬೇರೆಯವರನ್ನ ಕರೀತೀನಿ, ನೀವು ಮನೆಗೆ ಹೋಗಿ" ಅಂದಳು. ಅವನು ತಲೆಯಾಡಿಸಿದ. ರಬ್ಬರ್ ಚಾಪೆ ಹಾಸಿದ, ಕಂಬಳಿಯನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿದ. ಮೂತಿ ಕಟ್ಟಲಿಲ್ಲ. ಎಡಗೈ ಕತ್ತಿನ ಕೆಳಗೆ ತಂದಾಗ ಬೆರಳು ಕಿವಿಗೆ ತಗುಲಿತು, ಎಚ್ಚರ ತಪ್ಪಿ ತಗುಲಿದ್ದು. ಕಂಬಳಿ ಬೆಚ್ಚಲಿಲ್ಲ. ಹತ್ತು ದಿನದ ಔಷಧಿಗೆ ಕಿವಿಯ ನೋವು ಪೂರಾ ಇಳಿದಿತ್ತು. ಅದು ತಲೆಯನ್ನು ಅವನ ಅಂಗೈಗೆ ಒತ್ತಿ, ಕೆರೆ ಅನ್ನುವ ಹಾಗೆ ಉಜ್ಜಿತು. ಅವನು ಕೆರೆದ. ಸೂಜಿ ಕೆಲಸ ಮುಗಿಸಿದ ಮೇಲೂ ಕೆರೆಯುತ್ತಲೇ ಇದ್ದ. ಡಾಕ್ಟರಮ್ಮ ಅವನ ಭುಜ ಮುಟ್ಟಿ, "ಆಯ್ತು" ಅಂತ ಎರಡು ಸಲ ಹೇಳಬೇಕಾಯಿತು.

ಕೈ ತೊಳೆದವನು ಮನೆಗೆ ಹೋಗಲಿಲ್ಲ. ನಾಯಿಗಳ ಹಳೆಯ ಚಿಕಿತ್ಸೆ ಕಾರ್ಡುಗಳ ಡಬ್ಬಿ ತೆಗೆದು, ಹತ್ತೊಂಬತ್ತು ಮನೆಯ ವಿಳಾಸಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡ. ಎಲ್ಲಕ್ಕೂ ಹತ್ತಿರದ್ದು ಗಡಿಯಾರ ರಿಪೇರಿಯವನ ಮನೆ, ಮೂರನೇ ಅಡ್ಡರಸ್ತೆಯಲ್ಲಿ. ದೊಡ್ಡ ಆಲ್ಸೇಶನ್. ಎರಡು ವರ್ಷದ ಹಿಂದೆ ಬಿಡಿಸಿದ್ದು, ಆಗ ಆ ಮನೆಯಲ್ಲಿ ಮಗು ಇರಲಿಲ್ಲ.

ಬಾಗಿಲು ತೆರೆದೇ ಇತ್ತು. ಗಡಿಯಾರದವನ ಹೆಂಡತಿ ಕಿಟಕಿಯ ಹತ್ತಿರ ಬಟ್ಟೆ ಮಡಿಸುತ್ತಿದ್ದಳು. ಹಜಾರದ ನಡುವೆ ಆಲ್ಸೇಶನ್ ಮಲಗಿತ್ತು, ಅದರ ಹೊಟ್ಟೆಯ ಮೇಲೆ ಒಂದೂವರೆ ವರ್ಷದ ಮಗು ಬೋರಲಾಗಿ ಬಿದ್ದುಕೊಂಡು, ಎರಡೂ ಕೈಯಲ್ಲಿ ಅದರ ಕಿವಿ ಹಿಡಿದಿತ್ತು.

"ಅಯ್ಯೋ ಹಿಡಿಯಪ್ಪನವರು! ಬನ್ನಿ ಬನ್ನಿ, ನೋಡಿ ನಿಮ್ಮ ಶಿಷ್ಯನ್ನ!"

ನಾಯಿ ತಲೆ ಎತ್ತಿ ಬಾಗಿಲ ಕಡೆ ನೋಡಿತು. ಅವನ ಗುರುತು ಸಿಕ್ಕಿತು. ಆಡುತ್ತಿದ್ದ ಬಾಲ ನಿಂತಿತು, ಮೈ ಬಿಗಿಯಾಯಿತು, ನಾಲಗೆ ಒಮ್ಮೆ ಮೂಗು ನೆಕ್ಕಿತು. ಹಿಡಿಯಪ್ಪ ಹೊಸ್ತಿಲ ಆಚೆಯೇ ನಿಂತುಬಿಟ್ಟ. ಎತ್ತಿದ ಕಾಲನ್ನು ನಿಧಾನವಾಗಿ ಹಿಂದಕ್ಕೆ ಇಟ್ಟ.

"ಅಮ್ಮಾ" ಅಂದ, ಮೆಲ್ಲಗೆ. "ನಾನು ಒಳಗೆ ಬರಲ್ಲ. ನೀವು ಓಡಬೇಡಿ, ಕೂಗಬೇಡಿ. ನಿಧಾನಕ್ಕೆ ಬಂದು ಮಗುನ ಎತ್ಕೊಳ್ಳಿ."

ಅವಳು ನಗುತ್ತಲೇ ಬಂದು ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. "ಏನಿದು, ನೀವೇ ಹೆದರ್ತೀರಲ್ಲ! ದಿನವಿಡೀ ಹೀಗೇ ಇರ್ತಾವೆ ಇಬ್ಬರೂ. ಕಣ್ಣು ಚುಚ್ಚಿದರೂ ಗುರ್ ಅನ್ನಲ್ಲ, ಅಷ್ಟು ಸಾಧು. ಎಲ್ಲ ನಿಮ್ಮ ಪುಣ್ಯ."

"ಅಲ್ಲಮ್ಮ" ಅಂದ ಹಿಡಿಯಪ್ಪ. ಮೆಟ್ಟಿಲ ಮೇಲೆ ಕೂತ. "ನಾನು ಮಾಡಿದ್ದೇನು ಅಂತ ಹೇಳೋಕೇ ಬಂದೆ. ಮಗುನ ಕೆಳಗೆ ಬಿಡದೇ ಕೇಳಿ."